ಒಂದೇ ಬೀಜವೋ, ಬೆರಕೆ ಬೀಜವೋ: ಹಿಂಗಾರಿ ಜೋಳಕ್ಕೆ ಏನನ್ನು ಆರಿಸಬೇಕು?

ನಮ್ಮ ಮನೆಯ ಪಡಸಾಲೆಯಲ್ಲಿ ಈಗ ನಾಲ್ಕು ಬೀಜದ ಚೀಲಗಳಿವೆ. ಒಂದರಲ್ಲಿ ಅವ್ವ ಬೂದಿ ಬೆರೆಸಿ, ಬೇವಿನ ಎಲೆ ಹಾಕಿ ಕಟ್ಟಿಟ್ಟ ಮಾಲದಂಡಿ. ಎರಡನೆಯದು ರೈತ ಸಂಪರ್ಕ ಕೇಂದ್ರದಿಂದ ತಂದ ಬಿಜೆವಿ-44, ಬಾಯಿಗೆ ಚೀಟಿ ಹೊಲಿದದ್ದು. ಮೂರನೆಯದು ತಮ್ಮ ಪೇಟೆಯಿಂದ ಹೊತ್ತು ತಂದ ಹೈಬ್ರಿಡ್. ನಾಲ್ಕನೆಯದಕ್ಕೆ ಹೆಸರೇ ಇಲ್ಲ. ಮೂರು ತಳಿ ಕೂಡಿಸಿ ಬಿತ್ತಿ, ತೆನೆ ಆರಿಸಿ, ಅದನ್ನೇ ಮತ್ತೆ ಬಿತ್ತುತ್ತ ನಾಲ್ಕು ವರ್ಷ ಸಾಗಿ ಬಂದ ಕಾಳು ಅದು. ಅವ್ವ ಅದನ್ನು ‘ಬೆರಕೆ’ ಎನ್ನುತ್ತಾಳೆ. ಹಾಗೆನ್ನುವಾಗ ಅವಳ ಮುಖದಲ್ಲಿ ಮೆಚ್ಚುಗೆ ಇರುವುದಿಲ್ಲ.

ಈ ನಾಲ್ಕರಲ್ಲಿ ಯಾವುದನ್ನು ಎಷ್ಟು ಎಕರೆಗೆ ಹಾಕಬೇಕು ಎಂಬ ಲೆಕ್ಕವೇ ಈ ಬರಹ. ವಿಜಯಪುರ ಜಿಲ್ಲೆಯ ಮಳೆಯಾಶ್ರಿತ ಹೊಲ ಕಣ್ಣ ಮುಂದಿಟ್ಟುಕೊಂಡು ಬರೆದಿದ್ದೇನೆ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ, ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್ ಆಸುಪಾಸಿನಲ್ಲಿ. ಡೋಣಿ ಹೊಳೆಯ ಕಡೆಯ ಆಳವಾದ ಎರೆ ಮಣ್ಣು ಒಂದು ಕಡೆ, ಕಲ್ಲು ಎದ್ದ ಮಡ್ಡಿ ಇನ್ನೊಂದು ಕಡೆ. ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಒಣಬೇಸಾಯದ ಭಾಗಕ್ಕೂ ಇದು ಹೆಚ್ಚುಕಡಿಮೆ ಹೊಂದುತ್ತದೆ.

‘ಡೋಣಿ ಬೆಳೆದರೆ ಓಣಿಯೆಲ್ಲ ಕಾಳು’ ಎಂದು ಹಿರಿಯರು ಹೇಳಿದ್ದು ಮಳೆ ಅದರ ಹೊತ್ತಿಗೆ ಬರುತ್ತಿದ್ದ ಕಾಲದ ಮಾತು. 2019ರ ಆಗಸ್ಟಿನಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆಗಳು ಊರೊಳಗೆ ನುಗ್ಗಿದವು. 2020ರ ಅಕ್ಟೋಬರಿನಲ್ಲಿ ಭೀಮೆಯ ಸರದಿ; ಇಂಡಿ, ಸಿಂದಗಿ ಕಡೆಯ ಹೊಲಗಳು ಬಿತ್ತುವ ಹೊತ್ತಿನಲ್ಲೇ ನೀರಿನಡಿ ಹೋದವು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಐದು ವರ್ಷದೊಳಗೆ ಒಂದೇ ಹೊಲ ಕೊಳೆತದ್ದೂ ಉಂಟು, ಒಣಗಿದ್ದೂ ಉಂಟು. ಇಂಥ ಕಾಲದಲ್ಲಿ ‘ಯಾವ ತಳಿ ಎಲ್ಲಕ್ಕಿಂತ ಒಳ್ಳೆಯದು?’ ಎಂದು ಕೇಳಿಕೊಂಡು ಅಂಗಡಿಗೆ ಹೋಗುವುದೇ ತಪ್ಪು ಎಂಬುದು ನನ್ನ ಅನಿಸಿಕೆ. ಕೊಳೆಯುವ ವರ್ಷಕ್ಕೆ ಒಳ್ಳೆಯದು ಬೇರೆ, ಒಣಗುವ ವರ್ಷಕ್ಕೆ ಒಳ್ಳೆಯದು ಬೇರೆ. ಮುಂದಿನ ವರ್ಷ ಯಾವುದು ಎಂದು ಬಿತ್ತುವ ದಿನ ಯಾರಿಗೂ ಗೊತ್ತಿರುವುದಿಲ್ಲ.

ಎಲ್ಲರೂ ಒಂದನ್ನೇ ಬಿತ್ತಿದರೆ ಏನಾಗುತ್ತದೆ ಎಂಬುದನ್ನು ನಮ್ಮ ದೇಶವೇ ಎರಡು ಸಲ ಚೆನ್ನಾಗಿ ಕಂಡಿದೆ. 1960ರ ದಶಕದಲ್ಲಿ ಬಂದ ಸಜ್ಜೆಯ ಹೈಬ್ರಿಡ್‌ಗಳೆಲ್ಲ ಒಂದೇ ತಾಯಿ ಸಾಲಿನಿಂದ ಹುಟ್ಟಿದವು. ಟಿಫ್ಟ್ 23ಎ ಎಂಬುದು ಆ ತಾಯಿಯ ಹೆಸರು. 1971ರಲ್ಲಿ ಎಚ್‌ಬಿ-3 ಹಾಕಿದ ಹೊಲಗಳಿಗೆ ಕೇದಿಗೆ ರೋಗ ಬಂದಾಗ ತಡೆಯುವ ಗುಣ ಅಕ್ಕಪಕ್ಕದ ಯಾವ ಹೊಲದಲ್ಲೂ ಇರಲಿಲ್ಲ. ಇತ್ತೀಚಿನದು ಉತ್ತರ ಪ್ರದೇಶದ ಕಬ್ಬು. 2009ರಲ್ಲಿ ಬಿಡುಗಡೆಯಾದ ಕೋ 0238 ಸಕ್ಕರೆ ಇಳುವರಿಯಲ್ಲಿ ಎತ್ತಿದ ಕೈ ಎಂದು ಆ ರಾಜ್ಯದ ಬಹುಪಾಲು ಕಬ್ಬಿನ ನೆಲವನ್ನು ಆವರಿಸಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಕೆಂಪು ಕೊಳೆ ರೋಗ ಅದನ್ನು ಹುಡುಕಿಕೊಂಡು ಬಂತು. ಬೆಳಗಾವಿ, ಬಾಗಲಕೋಟೆ, ಮುಧೋಳ ಕಡೆಯ ಕಬ್ಬಿನವರನ್ನು ಮಾತಾಡಿಸಿದರೆ ಹೆಚ್ಚಿನವರ ಬಾಯಲ್ಲಿ ಬರುವುದು 86032. ಅದು ಒಳ್ಳೆಯ ತಳಿಯೇ. ಕೋ 0238 ಕೂಡ ಒಳ್ಳೆಯ ತಳಿಯೇ ಆಗಿತ್ತು.

ಮೊದಲು ಬೆಳೆಯ ಸ್ವಭಾವ

ಬೀಜ ಆರಿಸುವ ಮುಂಚೆ ಆ ಬೆಳೆ ಕಾಳು ಕಟ್ಟುವ ಬಗೆ ತಿಳಿದಿರಬೇಕು. ಕಡಲೆ ತನ್ನ ಹೂವಿನೊಳಗೇ ಪರಾಗ ಮುಗಿಸಿಕೊಳ್ಳುತ್ತದೆ; ಪಕ್ಕದ ಸಾಲಿನಲ್ಲಿ ಬೇರೆ ತಳಿ ಇದ್ದರೂ ಬೆರೆಯುವುದು ತೀರಾ ಅಪರೂಪ. ಸಜ್ಜೆ ಇದಕ್ಕೆ ಪೂರ್ತಿ ವಿರುದ್ಧ. ಗಾಳಿಗೆ ಹಾರಿದ ಪರಾಗದಿಂದಲೇ ಕಾಳು ಕಟ್ಟುವುದರಿಂದ ನಿಮ್ಮ ಸಜ್ಜೆಯಲ್ಲಿ ನೆರೆಯವರ ಸಜ್ಜೆಯ ಗುಣ ಸೇರಿಯೇ ಸೇರುತ್ತದೆ. ತೊಗರಿಗೆ ಜೇನು, ದುಂಬಿಗಳು ಬೆರಕೆ ತರುತ್ತವೆ. ಜೋಳ ಇವುಗಳ ನಡುವಿನದು: ಬಹುಪಾಲು ಸ್ವಂತ ಪರಾಗ, ಸಾಮಾನ್ಯವಾಗಿ ನೂರಕ್ಕೆ ಐದರಿಂದ ಹದಿನೈದರಷ್ಟು ಹೊರಗಿನದು.

ಈ ಐದು–ಹದಿನೈದು ಕಡಿಮೆ ಎನಿಸಬಹುದು. ಆದರೆ ಮುಂದೆ ಹೇಳುವ ಬೆರಕೆಯ ಆಟವೆಲ್ಲ ನಿಂತಿರುವುದು ಇದರ ಮೇಲೆಯೇ. ಜೋಳದ ತಳಿ ಎರಡು ಮೂರು ವರ್ಷ ತನ್ನ ರೂಪ ಉಳಿಸಿಕೊಳ್ಳುವಷ್ಟು ಗಟ್ಟಿ, ಹತ್ತು ವರ್ಷದಲ್ಲಿ ಹೊಸ ಗುಣ ಸೇರಿಸಿಕೊಳ್ಳುವಷ್ಟು ಸಡಿಲ.

ಮನೆಯ ಮಾಲದಂಡಿ

ಮಾಲದಂಡಿ ಎಂದರೆ ಅಜ್ಜನ ಕಾಲದ ನಾಟಿ ತಳಿ ಎಂದು ಹಲವರು ತಿಳಿದಿದ್ದಾರೆ. ಅದು ಅರ್ಧ ನಿಜ. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ರೈತರ ಜೋಳದಿಂದಲೇ ಆರಿಸಿ ತೆಗೆದ ಎಂ 35-1 ಎಂಬ ಸಾಲನ್ನೇ ನಾವು ಈಗ ಮಾಲದಂಡಿ ಎನ್ನುವುದು. 1930ರ ದಶಕದ ಮಾತು ಅದು. ಸುಮಾರು ತೊಂಬತ್ತು ವರ್ಷವಾದರೂ ಹಿಂಗಾರಿಯಲ್ಲಿ ಅದನ್ನು ಪೂರ್ತಿ ಕದಲಿಸಲು ಯಾರಿಂದಲೂ ಆಗಿಲ್ಲ. ಕಾರಣ ಹೊಲಕ್ಕಿಂತ ಹೆಚ್ಚಾಗಿ ಅಡುಗೆ ಮನೆಯಲ್ಲಿದೆ, ದನದ ಕೊಟ್ಟಿಗೆಯಲ್ಲಿದೆ. ಕಾಳು ಮುತ್ತಿನಂತೆ ಬೆಳ್ಳಗೆ, ಹಿಟ್ಟಿಗೆ ಜಿಗುಟು ಉಂಟು, ರೊಟ್ಟಿ ಮರುದಿನವೂ ಮಡಚಿದರೆ ಮುರಿಯುವುದಿಲ್ಲ. ಕಣಿಕೆಯನ್ನು ಎತ್ತು ಬುಡದವರೆಗೆ ಮೆಲ್ಲುತ್ತದೆ. ಕಣಿಕೆಯ ಬೆಲೆ ಏರಿದ ವರ್ಷ ಕಾಳಿನಷ್ಟೇ ಆದಾಯ ಬಣವೆಯಿಂದಲೂ ಬರುತ್ತದೆ ಎಂಬುದು ಈ ಕಡೆಯ ಯಾರಿಗೂ ಹೊಸದಲ್ಲ.

ಕೊರತೆ ಎರಡು. ಸುಮಾರು ನಾಲ್ಕು ತಿಂಗಳ ಬೆಳೆಯಾದ್ದರಿಂದ ಮಡ್ಡಿಯಲ್ಲಿ ಕಾಳು ತುಂಬುವ ಹೊತ್ತಿಗೆ ನೆಲದ ಹಸಿ ಮುಗಿದಿರುತ್ತದೆ. ಆಗ ಬುಡ ಕೊಳೆತು ದಂಟು ಮಲಗುತ್ತದೆ. ಮಲಗಿದ ದಂಟನ್ನು ಸೀಳಿ ನೋಡಿ, ಒಳಗೆ ಇದ್ದಿಲಿನ ಪುಡಿ ಸವರಿದಂತೆ ಕಪ್ಪಾಗಿರುತ್ತದೆ. ಎರಡನೆಯ ಕೊರತೆ ತಳಿಯದ್ದಲ್ಲ, ನಮ್ಮದು. ಮಷಿನ್ ಬಂದ ಮೇಲೆ ಬೀಜವನ್ನು ಹೊಲದಲ್ಲಿ ಆರಿಸುವುದು ಬಿಟ್ಟು ರಾಶಿಯಲ್ಲಿ ಮೊಗೆದುಕೊಳ್ಳುತ್ತಿದ್ದೇವೆ. ರಾಶಿಯಲ್ಲಿ ಮಲಗಿದ ಗಿಡದ ಕಾಳೂ ಇದೆ, ಕಾಡಿಗೆ ರೋಗದ ಪುಡಿಯೂ ಇದೆ. ಮನೆಯ ಬೀಜ ‘ಸೋತಿತು’ ಎನ್ನುವವರಲ್ಲಿ ಹೆಚ್ಚಿನವರು ಸೋತದ್ದು ಇಲ್ಲಿಯೇ. ಕಿಲೋ ಬೀಜಕ್ಕೆ ನಾಲ್ಕು ಗ್ರಾಂ ಗಂಧಕದ ಪುಡಿ ಸವರಿದರೆ ಕಾಡಿಗೆ ತಡೆಯಬಹುದು. ಉಳಿದದ್ದಕ್ಕೆ ಔಷಧಿ ಇಲ್ಲ; ನಡೆದು ಆರಿಸಬೇಕು.

ಚೀಟಿ ಹೊಲಿದ ಚೀಲ

ವಿಜಯಪುರದಲ್ಲಿ ಒಣಬೇಸಾಯದ ಸಂಶೋಧನೆ 1930ರ ದಶಕದಲ್ಲೇ ಶುರುವಾಗಿದೆ. ಈಗ ಹಿಟ್ನಳ್ಳಿಯ ಕೇಂದ್ರ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿದೆ. ಬಿಜೆವಿ-44 ಅಲ್ಲಿಂದಲೇ ಬಂದದ್ದು. ಆಳ ಎರೆಯಲ್ಲಿ, ಹಸ್ತ ಮಳೆಯೊಳಗೆ ಬಿತ್ತಿದಾಗ ನನ್ನ ಹೊಲದಲ್ಲಿ ಇದು ಮಾಲದಂಡಿಗಿಂತ ಹೆಚ್ಚು ಕಾಳು ಕೊಟ್ಟಿದೆ. ರೊಟ್ಟಿಯಲ್ಲಿ ಅವ್ವ ಒಂದು ಕೈ ಕಡಿಮೆ ಎನ್ನುತ್ತಾಳೆ, ನನ್ನ ನಾಲಿಗೆಗೆ ವ್ಯತ್ಯಾಸ ತಿಳಿಯುವುದಿಲ್ಲ. ಎಕರೆಗೆ ಮೂರು ಕಿಲೋ ಬೀಜ ಸಾಕು. ಇದು ಹೈಬ್ರಿಡ್ ಅಲ್ಲ, ತಳಿ. ಹಾಗಾಗಿ ಒಮ್ಮೆ ಕೊಂಡರೆ ಮೂರು ವರ್ಷ ನಿಮ್ಮದೇ ಬೀಜ ಇಟ್ಟುಕೊಳ್ಳಬಹುದು. ಅಂಗಡಿಯವರು ಇದನ್ನು ತಾವಾಗಿ ಹೇಳುವುದಿಲ್ಲ.

ಸುಧಾರಿತ ತಳಿಯನ್ನು ವೈವಿಧ್ಯದ ಶತ್ರು ಎಂದು ಬಗೆಯುವವರ ಜತೆ ನಾನಿಲ್ಲ. ಕಡಲೆಯಲ್ಲಿ ಆದದ್ದನ್ನು ನೋಡಿ. ಅಣ್ಣಿಗೇರಿ-1 ನಮ್ಮ ಮಣ್ಣಿಗೆ ಒಗ್ಗಿದ ಕಡಲೆ, ಆದರೆ ಸೊರಗು ರೋಗಕ್ಕೆ ಬಾಗುತ್ತಿತ್ತು. ರೋಗ ತಡೆಯುವ ಜೆಜಿ-11 ಬಂದ ಮೇಲೆ ಅದು ಹಿಂದೆ ಸರಿಯಿತು. ಆಗ ವಿಜ್ಞಾನಿಗಳು ಡಬ್ಲ್ಯುಆರ್-315 ಎಂಬ ಸಾಲಿನಿಂದ ರೋಗನಿರೋಧಕ ಗುಣವನ್ನಷ್ಟೇ ತೆಗೆದು, ಮತ್ತೆ ಮತ್ತೆ ಅಣ್ಣಿಗೇರಿಗೇ ಕೂಡಿಸಿ, ಸೂಪರ್ ಅಣ್ಣಿಗೇರಿ-1 ಮಾಡಿದರು. ಡಬ್ಲ್ಯುಆರ್-315 ಹೊಲದಲ್ಲಿ ಯಾರೂ ಬಯಸಿ ಬಿತ್ತುವ ಕಡಲೆಯಲ್ಲ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆಯ ಬೀಜಭಂಡಾರದಲ್ಲಿ 1 ಲಕ್ಷ 20 ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಕಾದಿಟ್ಟಿರುವುದು ಇಂಥ ಗಳಿಗೆಗಾಗಿಯೇ. ಹೊಸ ತಳಿ ಹುಟ್ಟುವುದೇ ಹಳೆಯ ಕಾಳಿನ ಗಂಟು ಬಿಚ್ಚಿ.

ಕೊರತೆ ಇರುವುದು ಬೇರೆಡೆ. ಚೀಲದೊಳಗಿನ ಕಾಳೆಲ್ಲ ಒಂದೇ ಅಚ್ಚು. ಒಂದು ಗಿಡ ಸೋತ ಕಾರಣಕ್ಕೆ ಹೊಲದ ಎಲ್ಲ ಗಿಡಗಳೂ ಅದೇ ವಾರ ಸೋಲುತ್ತವೆ.

ಹೈಬ್ರಿಡ್

ಇದನ್ನು ಬೇಗ ಮುಗಿಸುತ್ತೇನೆ. ದೇಶದ ಮೊದಲ ಜೋಳದ ಹೈಬ್ರಿಡ್ ಸಿಎಸ್‌ಎಚ್-1 ಬಂದದ್ದು 1964ರಲ್ಲಿ. ಮುಂಗಾರಿ ಜೋಳದಲ್ಲಿ ಹೈಬ್ರಿಡ್ ಗೆದ್ದಿತು, ಹಿಂಗಾರಿಯಲ್ಲಿ ಗೆಲ್ಲಲಿಲ್ಲ. ಸುಳಿ ನೊಣ, ಚಳಿ, ಗಿಡ್ಡ ಕಣಿಕೆ, ಎಲ್ಲಕ್ಕಿಂತ ಮಿಗಿಲಾಗಿ ರೊಟ್ಟಿ. ತಮ್ಮ ತಂದ ಹೈಬ್ರಿಡ್ ಜೋಳದ ಹಿಟ್ಟನ್ನು ಅವ್ವ ಕೊಣಮಿಗೆಯಲ್ಲಿ ನಾದಿ ಬಡಿಯಲು ಕುಳಿತಾಗ ಅಂಗೈಯಗಲ ಆಗುವಷ್ಟರಲ್ಲಿ ಅಂಚು ಸುತ್ತಲೂ ಬಿರುಕು ಬಿಟ್ಟಿತು. ಇನ್ನೆರಡು ಏಟಿಗೆ ನಡುವೆಯೇ ಸೀಳಿತು. ಅವಳು ಅದನ್ನು ಮತ್ತೆ ಉಂಡೆ ಮಾಡಿ, ಬಿಸಿ ನೀರು ಚಿಮುಕಿಸಿ, ಮತ್ತೆ ಬಡಿದಳು. ಮೂರನೆಯ ಸಲ ಹಿಟ್ಟನ್ನು ಎಮ್ಮೆಯ ಬಾನಿಗೆ ಹಾಕಿ, ‘ನಿನ್ನ ತಮ್ಮನಿಗೆ ಅನ್ನ ಮಾಡುತ್ತೇನೆ ಬಿಡು’ ಎಂದಳು.

ಮರುವರ್ಷ ಅದೇ ಕಾಳು ಬಿತ್ತಿದರೆ ಒಂದು ಗಿಡ ಎತ್ತರ, ಒಂದು ಗಿಡ್ಡ, ಇಳುವರಿಯೂ ಕುಸಿಯುತ್ತದೆ. ಆದ್ದರಿಂದ ಪ್ರತಿ ವರ್ಷ ಕೊಳ್ಳಲೇಬೇಕು. ನೀರಾವರಿ ಇದ್ದು, ಕಾಳನ್ನು ಪೂರ್ತಿ ಮಾರುವವರಿಗೆ, ಗೋವಿನಜೋಳ ಬೆಳೆಯುವವರಿಗೆ ಹೈಬ್ರಿಡ್‌ನ ಲೆಕ್ಕ ಕೂಡಿಬರುತ್ತದೆ. ಮಳೆಯನ್ನೇ ನಂಬಿದ ಹಿಂಗಾರಿ ಜೋಳಕ್ಕೆ ನಾನಂತೂ ಹೇಳುವುದಿಲ್ಲ.

ಪಟ್ಟಿ ಪಟ್ಟಿಯಾಗಿ ಎರಡು ಮೂರು ತಳಿ

ಬೆರೆಸಲು ಮನಸ್ಸಿಲ್ಲದವರಿಗೆ ಇದು ಸುಲಭದ ದಾರಿ. ಹೊಲವನ್ನು ಮೂರು ಪಟ್ಟಿ ಮಾಡಿ ಮೂರು ತಳಿ ಹಾಕುವುದು. ಕೊಯ್ಲು ಬೇರೆ ಬೇರೆ, ಚೀಲ ಬೇರೆ ಬೇರೆ, ಮಾರುವಾಗ ತಕರಾರಿಲ್ಲ. ನಿಮ್ಮ ಮಣ್ಣಿಗೆ ಯಾವುದು ಸೈ ಎಂಬುದು ಎರಡೇ ವರ್ಷದಲ್ಲಿ ಕಣ್ಣಿಗೆ ಕಾಣುತ್ತದೆ. ಬೇರೆಯವರ ಹೊಲದ ಇಳುವರಿ ಕೇಳಿ ನಂಬುವುದಕ್ಕಿಂತ ಇದು ಎಷ್ಟೋ ಮೇಲು. ನಡುನಡುವೆ ಕಡಲೆ ಸಾಲು, ದನ ನುಗ್ಗದಂತೆ ಬದುವಿನ ಗುಂಟ ಮುಳ್ಳಿನ ಕುಸುಬೆ ಹಾಕಿದರೆ ಅಕ್ಕಡಿಯ, ಅಂದರೆ ನಡುಬೆಳೆಯ, ಲಾಭವೂ ಸೇರುತ್ತದೆ.

ಆದರೆ ಇಲ್ಲಿ ಒಂದೊಂದು ಪಟ್ಟಿಯೂ ತನ್ನೊಳಗೆ ಒಂದೇ ಅಚ್ಚು. ರೋಗ ಒಂದು ಪಟ್ಟಿಗೆ ಬಂದರೆ ಆ ಪಟ್ಟಿಯನ್ನು ಪೂರ್ತಿ ನುಂಗುತ್ತದೆ.

ಬೆರಕೆ

ಬೆರಕೆಯಲ್ಲಿ ಎರಡು ಬಗೆ. ಬಿತ್ತುವಾಗಷ್ಟೇ ಎರಡು ಮೂರು ತಳಿ ಕೂಡಿಸುವುದು ಒಂದು. ಕೂಡಿಸಿದ್ದನ್ನೇ ವರ್ಷ ವರ್ಷ ಬಿತ್ತಿ, ಅವು ತಮ್ಮೊಳಗೆ ಬೆರೆತು, ಆ ಹೊಲದ ಮಳೆ ಬಿಸಿಲಿಗೆ ತಕ್ಕಂತೆ ಹೊಂದಿಕೊಳ್ಳಲು ಬಿಡುವುದು ಇನ್ನೊಂದು.

ಮೊದಲನೆಯದಕ್ಕೆ ಚೀನಾದ ಯುನ್ನಾನ್ ಪ್ರಾಂತ್ಯದ ಭತ್ತ ಒಳ್ಳೆಯ ಸಾಕ್ಷಿ. ಬೆಂಕಿ ರೋಗಕ್ಕೆ ಬೇಗ ತುತ್ತಾಗುವ ಅಂಟು ಭತ್ತವನ್ನು ರೋಗ ತಡೆಯುವ ಭತ್ತದ ಸಾಲುಗಳ ನಡುವೆ ಸಾವಿರಾರು ರೈತರು ಹಾಕಿದರು. ಒಂಟಿಯಾಗಿ ಬೆಳೆದದ್ದಕ್ಕೆ ಹೋಲಿಸಿದರೆ ಅಂಟು ಭತ್ತದಲ್ಲಿ ರೋಗದ ತೀವ್ರತೆ ಶೇ 94ರಷ್ಟು ಇಳಿಯಿತು, ಇಳುವರಿ ಶೇ 89ರಷ್ಟು ಏರಿತು. ಈ ಫಲಿತಾಂಶ 2000ನೇ ಇಸವಿಯಲ್ಲಿ ಪ್ರಕಟವಾಯಿತು. ರೋಗದ ಬೀಜಕಣ ಹಾರಿ ಹೋಗಿ ಕೂತ ಗಿಡವೇ ಬೇರೆಯಾದರೆ ಅಲ್ಲಿಗೆ ಅದರ ಓಟ ನಿಲ್ಲುತ್ತದೆ. ಗುಟ್ಟು ಇಷ್ಟೇ.

ಎರಡನೆಯ ಬಗೆಗೂ ಹಳೆಯ ಇತಿಹಾಸವಿದೆ. 1920ರ ದಶಕದ ಕೊನೆಗೆ ಅಮೆರಿಕದಲ್ಲಿ 28 ಬಾರ್ಲಿ ತಳಿಗಳನ್ನು ಒಂದರ ಜತೆ ಇನ್ನೊಂದನ್ನು ಕೂಡಿಸಿ 378 ಸಂಕರಗಳನ್ನು ಮಾಡಿ, ಎಲ್ಲವನ್ನೂ ಒಟ್ಟಿಗೆ ಬೆರೆಸಿ ಕ್ಯಾಲಿಫೋರ್ನಿಯಾದ ಹೊಲದಲ್ಲಿ ದಶಕಗಟ್ಟಲೆ ಬಿತ್ತುತ್ತ ಹೋದರು. ಇಟಲಿಯ ವಿಜ್ಞಾನಿ ಸಾಲ್ವತೋರೆ ಚೆಕರೆಲ್ಲಿ 2008ರಲ್ಲಿ ಸುಮಾರು 1,600 ಬಗೆಯ ಬಾರ್ಲಿ ಬೆರೆಸಿದ ಬೀಜವನ್ನು ಇರಾನ್ ಮುಂತಾದ ದೇಶಗಳ ರೈತರಿಗೆ ತಲುಪಿಸಿದರು. ಅಲ್ಲಿನ ಒಣ ಹೊಲಗಳಲ್ಲಿ ಅದು ಕೈಯಿಂದ ಕೈಗೆ ಹರಡಿತು. ಯುರೋಪಿನ ಬೀಜ ಕಾನೂನು ಒಂದೇ ಅಚ್ಚಿನ ತಳಿಯನ್ನಷ್ಟೇ ಬೀಜ ಎನ್ನುತ್ತಿತ್ತು. 2022ರಿಂದ ಸಾವಯವ ಕೃಷಿಯಲ್ಲಿ ಇಂಥ ಬೆರಕೆ ಬೀಜವನ್ನೂ ಮಾರಬಹುದು ಎಂದಿದೆ.

ಇನ್ನು ನನ್ನ ಅನುಭವ. ಮೊದಲ ವರ್ಷ ಎಡವಿದೆ. ಉಮೇದಿನಲ್ಲಿ ಮಾಲದಂಡಿಯ ಜತೆ ಕೈಗೆ ಸಿಕ್ಕ ಜೋಳವನ್ನೆಲ್ಲ ಕೂಡಿಸಿದ್ದೆ. ಅದರಲ್ಲಿ ಹಳದಿ ಕಾಳಿನದೂ ಇತ್ತು, ಅಳ್ಳು ಹುರಿಯುವ ಸಣ್ಣ ಕಾಳಿನದೂ ಇತ್ತು. ಅಡತಿ ಅಂಗಡಿಯವರು ಬೊಗಸೆ ತುಂಬ ಕಾಳು ಎತ್ತಿ, ಬಿಸಿಲಿಗೆ ಹಿಡಿದು, ಬೆರಳಿನಿಂದ ಒಂದೊಂದಾಗಿ ಸರಿಸಿ ನೋಡಿ, ‘ಇದೇನಣ್ಣಾ, ಮೂರು ಊರಿನ ಜೋಳ ಕಸ ಗುಡಿಸಿ ತಂದಿರಾ?’ ಎಂದರು. ಕ್ವಿಂಟಲಿಗೆ ಇನ್ನೂರು ರೂಪಾಯಿ ಕಡಿಮೆ ಕೊಟ್ಟರು. ಅವರದೇನೂ ತಪ್ಪಿಲ್ಲ. ಹೊಲದಲ್ಲಿ ಬೇರೆ ಬೇರೆ ಇರಬೇಕು, ಚೀಲದಲ್ಲಿ ಒಂದೇ ಕಾಣಬೇಕು. ಇದನ್ನು ನಾನೇ ಯೋಚಿಸಬೇಕಿತ್ತು.

ಈಗ ಕೂಡಿಸುವ ಮುಂಚೆ ಮೂರನ್ನು ನೋಡುತ್ತೇನೆ. ಕಾಳಿನ ಬಣ್ಣ, ಗಾತ್ರ ಒಂದೇ ಇರಬೇಕು. ತೆನೆ ಬಲಿಯುವುದರಲ್ಲಿ ಒಂದು ವಾರ, ಹೆಚ್ಚೆಂದರೆ ಹತ್ತು ದಿನದ ಅಂತರ ಇರಬಹುದು. ಅದಕ್ಕಿಂತ ಹೆಚ್ಚಾದರೆ ಬಲಿತದ್ದನ್ನು ಗುಬ್ಬಿ ತಿನ್ನುತ್ತದೆ, ಎಳೆಯದು ಕೊಯ್ಲಿಗೆ ಬಂದಿರುವುದಿಲ್ಲ. ಮೂರನೆಯದು ರೊಟ್ಟಿ: ಕೂಡಿಸುವ ಒಂದೊಂದು ತಳಿಯ ಹಿಟ್ಟೂ ಅವ್ವನ ಕೈಯಲ್ಲಿ ಬೇರೆಯಾಗಿ ಪಾಸಾಗಬೇಕು. ಈಗಿನ ಬೆರಕೆಯಲ್ಲಿ ಅರ್ಧ ಮಾಲದಂಡಿ, ಉಳಿದರ್ಧದಲ್ಲಿ ಬಿಜೆವಿ-44 ಮತ್ತು ಊರಿನ ಹಿರಿಯರೊಬ್ಬರ ಹಗೇವಿನ, ಅಂದರೆ ನೆಲದೊಳಗಿನ ಕಣಜದ, ಬೀಜ.

ಬೆರಕೆಯ ನಿಜವಾದ ಕೆಲಸ ಇರುವುದು ಆರಿಸುವುದರಲ್ಲಿ. ಎಳ್ಳ ಅಮವಾಸ್ಯೆಗೆ ಚರಗ ಚೆಲ್ಲಲು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತೇವಲ್ಲ, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಉಂಡು ಎಲ್ಲರೂ ಬನ್ನಿ ಗಿಡದ ನೆರಳಿಗೆ ಒರಗಿದಾಗ ನಾನು ಕೆಂಪು ದಾರದ ಉಂಡೆ ಹಿಡಿದು ಸಾಲಿನೊಳಗೆ ಇಳಿಯುತ್ತೇನೆ. ಬದುವಿನ ಪಕ್ಕದ ಗಿಡ ಮುಟ್ಟುವುದಿಲ್ಲ. ಅದಕ್ಕೆ ಜಾಗ ಹೆಚ್ಚು ಸಿಕ್ಕು ತೆನೆ ದಪ್ಪವಾಗಿರುತ್ತದೆ, ಗುಣದಿಂದಲ್ಲ. ಹೊಲವನ್ನು ಮನಸ್ಸಿನಲ್ಲೇ ಇಪ್ಪತ್ತು ಮನೆ ಮಾಡಿ, ಒಂದೊಂದು ಮನೆಯಲ್ಲೂ ಹತ್ತು ಗಿಡಕ್ಕೆ ದಾರ ಕಟ್ಟುತ್ತೇನೆ. ತಗ್ಗಿನ ಹಸಿ ಇರುವಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ, ಏರಿನ ಮೇಲಿನ ಬಡ ಮಣ್ಣಿನಲ್ಲಿ ನಿಂತ ಗಿಡಕ್ಕೂ ಅವಕಾಶ ಸಿಗಲಿ ಎಂದು ಈ ಮನೆಗಳ ಲೆಕ್ಕ. ಕೊಯ್ಲಿನ ಹೊತ್ತಿಗೆ ಮತ್ತೆ ನೋಡುತ್ತೇನೆ: ನೀರು ಮುಗಿದ ಮೇಲೂ ಮೇಲಿನ ಎಲೆ ಹಸಿರಾಗಿದೆಯೇ, ಬುಡವನ್ನು ಹೆಬ್ಬೆರಳಿನಿಂದ ಒತ್ತಿದರೆ ಗಟ್ಟಿ ಇದೆಯೇ. ಇನ್ನೂರರಲ್ಲಿ ಎಂಬತ್ತು ತೊಂಬತ್ತು ಬಿದ್ದುಹೋಗುತ್ತವೆ. ಉಳಿದ ತೆನೆಗಳನ್ನು ಕೈಯಿಂದಲೇ ಬಡಿದರೆ ಮುಂದಿನ ವರ್ಷಕ್ಕೆ ಬೇಕಾದಷ್ಟು ಬೀಜ.

ಒಳ್ಳೆಯ ಮಳೆಯ ವರ್ಷ ಬೆರಕೆ ಬಿಜೆವಿ-44ಕ್ಕಿಂತ ಹಿಂದೆ ಬಿತ್ತು, ಒಪ್ಪಿಕೊಳ್ಳುತ್ತೇನೆ. 2023ರಲ್ಲಿ ಮಡ್ಡಿಯ ಮೇಲೆ ಬಿಜೆವಿ ಕೈಕೊಟ್ಟಾಗ ಬೆರಕೆ ಮನೆಗೆ ಉಣ್ಣುವಷ್ಟು ಕೊಟ್ಟಿತು. ಗರಿಷ್ಠ ಇಳುವರಿ ಬೇಕಾದವರಿಗೆ ಇದು ಬೇಡ. ಬರಿಗೈ ಆಗಬಾರದು ಎನ್ನುವವರಿಗೆ ಬೇಕು.

ಬೀಜ ಇಟ್ಟುಕೊಳ್ಳುವುದು, ಹಂಚಿಕೊಳ್ಳುವುದು ಅಪರಾಧವಾದೀತೇ ಎಂದು ಕೆಲವರು ಅಂಜುತ್ತಾರೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಂ ಪ್ರಕಾರ ರೈತ ತನ್ನ ಬೆಳೆಯ ಬೀಜವನ್ನು ಉಳಿಸಬಹುದು, ಬಿತ್ತಬಹುದು, ವಿನಿಮಯ ಮಾಡಬಹುದು, ಮಾರಲೂಬಹುದು. ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹಚ್ಚಿ ಮಾರುವಂತಿಲ್ಲ, ಅಷ್ಟೇ.

ಹಾಗಾದರೆ ಯಾರಿಗೆ ಯಾವುದು

ಆಳ ಎರೆ ಇದ್ದು ಉತ್ತರಿ, ಹಸ್ತದೊಳಗೆ ಹದ ಸಿಕ್ಕರೆ ಹೊಲದ ಅರ್ಧಕ್ಕೆ ಹೊಸ ತಳಿ ಹಾಕಿ, ಉಳಿದರ್ಧಕ್ಕೆ ಆರಿಸಿದ ಮಾಲದಂಡಿ. ಹದ ಚಿತ್ತಿ ಮಳೆಗೆ ಜಾರಿದರೆ ಜೋಳ ಕಡಿಮೆ ಮಾಡಿ ಕಡಲೆ ಹೆಚ್ಚಿಸಿ. ಕಡಲೆಯಲ್ಲೂ ಒಂದೇ ಚೀಲ ಬೇಡ. ಮಡ್ಡಿಗೆ ಬೆರಕೆಯೇ ಇರಲಿ. ಎರಡು ಮೂರು ಎಕರೆಯವರು, ಮನೆಗೇ ಬೆಳೆಯುವವರು ಧೈರ್ಯವಾಗಿ ಬೆರಕೆಗೆ ಹೋಗಬಹುದು. ಲಾರಿಗಟ್ಟಲೆ ಮಾರುವವರು ಪಟ್ಟಿ ಪದ್ಧತಿ ಹಿಡಿಯಲಿ. ಬೀಜ ಆರಿಸಲು ವರ್ಷಕ್ಕೆ ಎರಡು ದಿನ ಕೊಡಲಾಗದವರು ಮನೆಯ ಬೀಜವನ್ನೂ ಬೆರಕೆಯನ್ನೂ ಬಿಟ್ಟು, ಮೂರು ವರ್ಷಕ್ಕೊಮ್ಮೆ ಚೀಟಿ ಇರುವ ಚೀಲ ತರುವುದೇ ಲೇಸು. ಆರಿಸದೆ ಬಿಟ್ಟ ಬೆರಕೆ ಬರೀ ಕಲಬೆರಕೆ.

ನಮ್ಮಲ್ಲಿ ಈ ವರ್ಷ ಎರೆಯ ಆರು ಎಕರೆಯಲ್ಲಿ ಮೂರಕ್ಕೆ ಬಿಜೆವಿ, ಮೂರಕ್ಕೆ ಮಾಲದಂಡಿ; ಮಡ್ಡಿಯ ಎರಡೂವರೆಗೆ ಬೆರಕೆ. ಹೈಬ್ರಿಡ್ ತಮ್ಮನ ಬಾವಿ ಹೊಲಕ್ಕೆ. ಯಾವುದನ್ನೇ ಆಗಲಿ ಕೂರಿಗೆಗೆ ಹಾಕುವ ಮುಂಚೆ ನೂರು ಕಾಳು ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿಡಬೇಕು. ಎಪ್ಪತ್ತೈದಕ್ಕಿಂತ ಕಡಿಮೆ ಮೊಳೆತರೆ ಆ ಚೀಲ ಬಿತ್ತಲು ಬರುವುದಿಲ್ಲ. ನಿನ್ನೆ ರಾತ್ರಿ ನಾಲ್ಕನ್ನೂ ಸುತ್ತಿಟ್ಟಿದ್ದೇನೆ. ಬೆಳಗ್ಗೆ ನೋಡಿದರೆ ಬೆರಕೆಯ ಗೋಣಿಗೆ ಮತ್ತೊಮ್ಮೆ ನೀರು ಚಿಮುಕಿಸಿದ ಗುರುತಿತ್ತು. ನಾನು ಚಿಮುಕಿಸಿರಲಿಲ್ಲ, ತಮ್ಮ ಇನ್ನೂ ಎದ್ದಿರಲಿಲ್ಲ.